ಸಂತೆ ದಿನ ಎಷ್ಟು ಜನ ಬಂದರು

ನಮ್ಮ ಆಫೀಸಿಗೆ ಬಂದ ಪತ್ರದಲ್ಲಿ ‘ಮುಚ್ಚು’ ಅನ್ನುವ ಪದ ಎಲ್ಲೂ ಇರಲಿಲ್ಲ. ಜಿಲ್ಲಾ ಕಚೇರಿಯಲ್ಲಿ ‘ವಿಲೀನ’ ಅಂತಿತ್ತು. ಎರಡು ಸಾಲು ಬಿಟ್ಟು ‘ಸಿಬ್ಬಂದಿಯ ಸಮರ್ಪಕ ಬಳಕೆ’ ಅಂತಿತ್ತು. ನಾನು ಎರಡು ಸಲ ಓದಿ ನಮ್ಮ ಹಿರಿಯ ಗುಮಾಸ್ತರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು, ಮಡಚಿದರು, ಟೇಬಲ್ ಗ್ಲಾಸಿನ ಕೆಳಗೆ ತೂರಿಸಿದರು. ‘ಅಂತೂ ರಾಯಚೂರಿಗೆ ಹೋಗೋದಾತು’ ಅಂದರು. ದನಿಯಲ್ಲಿ ಅಂಥ ಬೇಸರವೇನೂ ಇರಲಿಲ್ಲ. ಅವರ ಮಗಳು ರಾಯಚೂರಲ್ಲೇ ಕಾಲೇಜು ಓದುತ್ತಿದ್ದಳು.

ಅದು 2024ರ ಜೂನ್. ಎಲೆಕ್ಷನ್ ಗಲಾಟೆ ಮುಗಿದು ಆಫೀಸುಗಳಲ್ಲಿ ಮತ್ತೆ ಫೈಲು ಓಡಾಡಲು ಶುರುವಾಗಿತ್ತು.

ನಾನು ರಾಯಚೂರು ಜಿಲ್ಲೆಯ ಒಂದು ತಾಲೂಕಿನಲ್ಲಿ, ಉದ್ಯೋಗ ವಿನಿಮಯದ ಸಣ್ಣ ಉಪ ಕಚೇರಿಯಲ್ಲಿ ಡೇಟಾ ಎಂಟ್ರಿ ಆಪರೇಟರ್. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನವರ ಜೊತೆ ದಿನಾ ಚಹಾ ಕುಡಿಯಬೇಕಲ್ವಾ. ‘ಉದ್ಯೋಗ ವಿನಿಮಯ’ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ‘ಎಂಪ್ಲಾಯ್‌ಮೆಂಟ್ ಆಫೀಸು’ ಅಂದರೆ ಆಟೋದವರೂ ಕರೆದುಕೊಂಡು ಬರುತ್ತಾರೆ. ಬಾಡಿಗೆ ಕಟ್ಟಡ, ಎರಡು ರೂಮು, ಮೂರು ಜನ ಸಿಬ್ಬಂದಿ. ಇಬ್ಬರು ಕಾಯಂ. ನಾನು ಹೊರಗುತ್ತಿಗೆ.

ಇದರಲ್ಲೊಂದು ತಮಾಷೆ ಇದೆ. ಕೆಲಸ ಬೇಕು ಅಂತ ಹೆಸರು ಬರೆಸಿದವರಿಗೆ ಕೊಡುವ ಎಂಪ್ಲಾಯ್‌ಮೆಂಟ್ ಕಾರ್ಡ್ ನನ್ನ ಹತ್ತಿರವೂ ಇದೆ. 2009ರಲ್ಲಿ ಪಿಯುಸಿ ಮುಗಿಸಿದ ವಾರವೇ ಮಾಡಿಸಿದ್ದು. ಮೂರು ವರ್ಷಕ್ಕೊಮ್ಮೆ ತಪ್ಪದೆ ರಿನಿವಲ್ ಮಾಡಿಸಿದ್ದೇನೆ. ಮಡಚಿ ಮಡಚಿ ಕಾರ್ಡು ನಾಲ್ಕು ತುಂಡಾಗಿದೆ, ಸೆಲ್ಲೋಟೇಪ್ ಹಚ್ಚಿದ್ದೇನೆ. ಅದರಿಂದ ಇವತ್ತಿನವರೆಗೆ ಒಂದು ಕಾಲ್ ಲೆಟರೂ ಬಂದಿಲ್ಲ. ಊರಿಗೆಲ್ಲ ಕಾರ್ಡು ಮಾಡಿಕೊಡುವ ಕೆಲಸ ನನಗೆ ಸಿಕ್ಕಿದ್ದು ಒಬ್ಬ ಏಜೆನ್ಸಿಯವರ ಪರಿಚಯದಿಂದ.

ವಿಲೀನವಾದರೆ ಕಾಯಂ ನೌಕರರಿಗೆ ವರ್ಗ. ನನಗೆ ಏನು ಅಂತ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಅವತ್ತು ಸಂಜೆಯೇ ಸಂಘಕ್ಕೆ ಹೋದೆ.

ನಮ್ಮ ಹೊರಗುತ್ತಿಗೆ ನೌಕರರ ಸಂಘದ ಆಫೀಸು ಅಂದರೆ ಟೇಲರ್ ಅಂಗಡಿ ಮೇಲಿನ ಒಂದು ತಗಡಿನ ರೂಮು. ಸಂಜೆ ಆರಕ್ಕೂ ಕಾವಲಿ ಥರ ಕಾದಿರುತ್ತದೆ. ಕಾರ್ಯದರ್ಶಿಗಳು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ರಿಟೈರ್ ಆದವರು. ಮಾತು ಕಮ್ಮಿ, ಕೆಮ್ಮು ಜಾಸ್ತಿ. ನಾನು ಆಗಲೇ ಬಿಳಿ ಹಾಳೆ ಮೇಲೆ ಮನವಿ ಬರೆದುಕೊಂಡು ಹೋಗಿದ್ದೆ. ಎರಡು ಪುಟ. ‘ನಾವು ಬೀದಿಗೆ ಬೀಳುತ್ತೇವೆ’ ಅಂತ ಮೂರು ಕಡೆ ಇತ್ತು.

ಅವರು ಓದಿ ಪಕ್ಕಕ್ಕಿಟ್ಟರು.

‘ನಿಮ್ಮ ಆಫೀಸಿಗೆ ದಿನಕ್ಕ ಎಷ್ಟು ಮಂದಿ ಬರ್ತಾರ?’

ನನಗೆ ಗೊತ್ತಿರಲಿಲ್ಲ. ರಿಜಿಸ್ಟ್ರೇಷನ್ ಎಷ್ಟು, ರಿನಿವಲ್ ಎಷ್ಟು ಅಂತ ಹೇಳಬಲ್ಲೆ. ಎಷ್ಟು ಜನ ಬರುತ್ತಾರೆ ಅನ್ನುವುದು ಬೇರೆ ಲೆಕ್ಕ.

‘ಎಷ್ಟು ವರ್ಷ ಆತು ನೀ ಅಲ್ಲಿ?’

‘ಐದು.’

ಮುಂದೆ ಏನೂ ಅನ್ನಲಿಲ್ಲ. ಮನವಿ ಹಾಳೆಯನ್ನು ವಾಪಸ್ ಕೊಟ್ಟರು. ನನಗೆ ಸಿಟ್ಟು ಬಂತು. ಕೆಲಸ ಹೋಗುವವನು ನಾನು, ಇವರು ಲೆಕ್ಕ ಕೇಳುತ್ತಾರಲ್ಲ ಅಂತ. ಮೆಟ್ಟಿಲು ಇಳಿಯುವಾಗ ಕೂಗಿ ಹೇಳಿದರು: ‘ಮೂರು ಮಂದಿ ಪಗಾರಕ್ಕ ಒಂದು ಆಫೀಸು ಬೇಕಾ ಅಂತಾರ ಅವರು. ಅದಕ್ಕ ಏನ್ ಹೇಳ್ತಿ, ಅದನ್ನ ಬರಕೊಂಡು ಬಾ.’

ಮರುದಿನ 200 ಪುಟದ ಒಂದು ನೋಟ್‌ಬುಕ್ ತಂದೆ. ಸ್ಕೇಲಿಟ್ಟು ಗೆರೆ ಹಾಕಿದೆ. ದಿನಾಂಕ, ಹಳ್ಳಿ, ಬಂದ ಕೆಲಸ. ಹೆಸರು ಬೇಡ ಅಂತ ಕಾರ್ಯದರ್ಶಿಗಳೇ ಹೇಳಿದ್ದರು. ಮೊದಲ ದಿನ 9 ಜನ. ಎರಡನೇ ದಿನ 12. ಗುಮಾಸ್ತರು ನಕ್ಕರು, ‘ಮೇಲಿನವರು ಹೇಳಿದ್ದು ಖರೆ ಅದಲ್ಲೋ ಮಾರಾಯ’ ಅಂದರು. ಗುರುವಾರ ಬಂತು. ಗುರುವಾರ ನಮ್ಮೂರ ಸಂತೆ. ಅವತ್ತು 34.

ಐದು ವರ್ಷ ಆ ಕುರ್ಚಿಯಲ್ಲೇ ಕೂತಿದ್ದೇನೆ. ಗುರುವಾರ ಗದ್ದಲ ಜಾಸ್ತಿ ಅಂತ ಗೊಣಗಿದ್ದೇನೆ. ಸಂತೆಗೂ ಆಫೀಸಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಹಳ್ಳಿಯಿಂದ ಕಾಯಿಪಲ್ಲೆಗೆ, ಬೀಜಕ್ಕೆ, ಆಡು ಮಾರಲು ಬಂದವರು ಹಾಗೇ ಇಲ್ಲಿಗೂ ಬಂದು ಹೋಗುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮಾರ್ಕ್ಸ್ ಕಾರ್ಡು, ಅದರ ಪಕ್ಕ ಹಸಿಮೆಣಸಿನಕಾಯಿ. ಆ ವಾಸನೆ ಮೆತ್ತಿಕೊಂಡ ಎಸ್‌ಎಸ್‌ಎಲ್‌ಸಿ ಕಾರ್ಡುಗಳನ್ನು ಎಷ್ಟು ಸ್ಕ್ಯಾನ್ ಮಾಡಿದ್ದೇನೋ.

ಬಂದವರೆಲ್ಲ ಕೆಲಸ ಕೇಳಿಕೊಂಡು ಬಂದವರಲ್ಲ. ಇದು ನೋಟ್‌ಬುಕ್ ಹೇಳಿದ ಎರಡನೇ ಸಂಗತಿ. ಯುವನಿಧಿಗೆ ಬಂದವರು ಬಹಳ. ಕೆಲಸ ಸಿಗದ ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಸರ್ಕಾರ ಕೊಡುತ್ತದೆ. ಆದರೆ ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ’ ಅಂತ ಆಗಾಗ ಆನ್‌ಲೈನಿನಲ್ಲಿ ಹೇಳುತ್ತಾ ಇರಬೇಕು. ಮರೆತರೆ ದುಡ್ಡು ನಿಲ್ಲುತ್ತದೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್ ಕೇಳಿಕೊಂಡು ಬರುವವರು ಇನ್ನೊಂದಿಷ್ಟು. ಅದನ್ನು ಕೊಡುವುದು ನಾವಲ್ಲ, ಎಸಿ ಆಫೀಸು. ಆದರೆ ಎಲ್ಲಿಗೆ ಹೋಗಬೇಕು, ಏನೇನು ಜೋಡಿಸಬೇಕು ಅಂತ ಹೇಳುವವರು ಬೇಕಲ್ಲ. ನಮ್ಮ ಭಾಗದವರಿಗೆ ಸಿ ಗ್ರೂಪಿನ ಹುದ್ದೆಗಳಲ್ಲಿ 80, ಡಿ ಗ್ರೂಪಿನಲ್ಲಿ 85 ಪರ್ಸೆಂಟ್ ಮೀಸಲು. ಆ ಒಂದು ಹಾಳೆ ಇಲ್ಲದಿದ್ದರೆ ಆ ಮೀಸಲಾತಿ ಕೈಗೆ ಬರುವುದಿಲ್ಲ. ಗುಳೆ ಹೋಗಿ ಬಂದವರು, ಬೆಂಗಳೂರಲ್ಲಿ ಕಟ್ಟಡ ಕೆಲಸದಲ್ಲಿದ್ದಾಗ ರಿನಿವಲ್ ತಪ್ಪಿಸಿಕೊಂಡವರು, ತೋರಣಗಲ್ಲಿನ ಕಡೆ ಐಟಿಐ ಫಿಟ್ಟರ್ ಬೇಕಂತೆ ಹೌದಾ ಅಂತ ಕೇಳುವ ಹುಡುಗರು.

ಜೂನ್ ಕೊನೆಯ ಗುರುವಾರ ಒಬ್ಬ ತಾಯಿ ಬಂದಿದ್ದರು. ತಾಂಡಾದವರು. ಮಗನ ಫೋನು ತಂದಿದ್ದರು, ಮಗ ಬಂದಿರಲಿಲ್ಲ. ‘ಅವನು ಇವತ್ತೇ ಕಟ್ಟತೀನಿ ಅಂತಾನ್ರಿ, ನೀವು ಒಂದು ಸಲ ಓದಿ ಹೇಳ್ರಿ’ ಅಂದರು. ಮೆಸೇಜ್ ಇಂಗ್ಲಿಷಿನಲ್ಲಿತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕೆಲಸ, ತಿಂಗಳಿಗೆ 28,000, ಯೂನಿಫಾರ್ಮಿಗೆ ಅಂತ 4,500 ಈಗಲೇ ಕಟ್ಟಬೇಕು. ಮೇಲ್ಗಡೆ ವಿಮಾನದ ಚಿತ್ರ, ಕೆಳಗೊಂದು ಸೀಲು. ಗುಮಾಸ್ತರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಪೂರ್ತಿ ಓದಿದರು. ಆಮೇಲೆ ಆಫೀಸಿನ ಲ್ಯಾಂಡ್‌ಲೈನಿನಿಂದ ಆ ನಂಬರಿಗೆ ಹಚ್ಚಿದರು. ‘ಎಂಪ್ಲಾಯ್‌ಮೆಂಟ್ ಆಫೀಸಿಂದ ಮಾತಾಡೋದು’ ಅಂದಿದ್ದೇ ತಡ, ಆ ಕಡೆ ಕಟ್. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

‘ತಗೋಮ್ಮ, ಇಷ್ಟೇ ಇದು’ ಅಂತ ಫೋನು ವಾಪಸ್ ಕೊಟ್ಟರು. ಆಕೆ ಕೈ ಮುಗಿದು, ಸೀರೆ ಸೆರಗಿನ ಗಂಟು ಒಮ್ಮೆ ಮುಟ್ಟಿ ನೋಡಿಕೊಂಡು ಹೋದರು. ದುಡ್ಡು ಅದರಲ್ಲೇ ಇತ್ತು ಅಂತ ಕಾಣುತ್ತದೆ.

ಇದನ್ನು ಯಾವ ಕಾಲಮ್ಮಿಗೆ ಹಾಕಲಿ? ಇಲಾಖೆಯ ಯಾವ ರಿಜಿಸ್ಟರಿನಲ್ಲೂ ಇದಕ್ಕೆ ಜಾಗ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: ‘ದುಡ್ಡು ಕಟ್ಟಬೇಡ ಅಂತ ಹೇಳಿದ್ದು – 1’.

ಸಂಘದ ಮೀಟಿಂಗುಗಳಿಗೆ ಕಾನೂನು ಓದುತ್ತಿದ್ದ ಒಬ್ಬ ಹುಡುಗಿ ಬರುತ್ತಿದ್ದಳು. ಬಿಸಿಯೂಟ ಕಾರ್ಯಕರ್ತೆಯ ಮಗಳು. ಫೋನಿನಲ್ಲಿ ಏನಾದರೂ ಹುಡುಕಿ ತರುತ್ತಿದ್ದಳು. ಒಂದು ದಿನ ಬ್ರಿಟನ್ನಿನ ಕಥೆ ತಂದಳು. ಅಲ್ಲಿ ಇಂಥ ಆಫೀಸಿಗೆ ಜಾಬ್‌ಸೆಂಟರ್ ಅಂತಾರಂತೆ. 2017ರ ಹೊತ್ತಿಗೆ ಅಲ್ಲಿನ ಸರ್ಕಾರ ಬಹಳಷ್ಟನ್ನು ಮುಚ್ಚಲು, ಒಂದರಲ್ಲೊಂದು ಸೇರಿಸಲು ಹೊರಟಿತ್ತು. ಗ್ಲಾಸ್ಗೋ ಒಂದೇ ಊರಲ್ಲಿ 16ರಲ್ಲಿ 8 ಮುಚ್ಚುವ ಯೋಚನೆ. ಪಿಸಿಎಸ್ ಅನ್ನುವ ಸರ್ಕಾರಿ ನೌಕರರ ಸಂಘ ವಿರೋಧಿಸಿತು, ಶೆಫೀಲ್ಡಿನಲ್ಲಿ ಒಂದು ಜಾಬ್‌ಸೆಂಟರಿನ ನೌಕರರು ಮುಷ್ಕರವನ್ನೇ ಮಾಡಿದರು. ನಮಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಹೊಸ ಆಫೀಸು ಮೂರು ಮೈಲಿಯೊಳಗೆ ಅಥವಾ ಬಸ್ಸಲ್ಲಿ 20 ನಿಮಿಷದೊಳಗೆ ಇದ್ದರೆ ಜನರನ್ನು ಕೇಳಬೇಕಾಗಿಲ್ಲ, ಅದಕ್ಕಿಂತ ದೂರ ಇದ್ದರೆ ಕೇಳಬೇಕು ಅಂತ ಅಲ್ಲೊಂದು ಲೆಕ್ಕ ಇಟ್ಟುಕೊಂಡಿದ್ದರು.

‘20 ನಿಮಿಷ!’ ಅಂತ ಎಲ್ಲರೂ ನಕ್ಕೆವು. ನಮ್ಮೂರಿಂದ ರಾಯಚೂರಿಗೆ ಬಸ್ಸಲ್ಲಿ ಎರಡು ಗಂಟೆ. ಹಳ್ಳಿಯವರಿಗೆ ತಾಲೂಕಿಗೆ ಬರುವುದಕ್ಕೇ ಮುಕ್ಕಾಲು ಗಂಟೆ, ಬಸ್ಸು ಕಾಯುವುದು ಬೇರೆ.

ಕಾರ್ಯದರ್ಶಿಗಳು ನಗಲಿಲ್ಲ. ‘ಅವರ ಹತ್ರ ಅಳಿಯಾಕ ಒಂದು ಕೋಲರ ಇತ್ತು. ನಮ್ಮ ಸಾಹೇಬ್ರು ಅಳದಾರೇನು? ಅದನ್ನ ಕೇಳ್ರಿ’ ಅಂದರು.

ಹಾಗೆ ಆರ್‌ಟಿಐ ಹಾಕಿದ್ದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದದೊಳಗೆ. ಎರಡು ಪುಟ ಮನವಿ ಬರೆದವನಿಗೆ ಅದೊಂದು ಒಳ್ಳೆಯ ಶಿಕ್ಷೆ. ಕೊನೆಗೆ ಉಳಿದಿದ್ದು ಒಂದೇ ಪ್ರಶ್ನೆ: ವಿಲೀನ ನಿರ್ಧರಿಸುವ ಮುಂಚೆ, ಈ ಕಚೇರಿ ಬಳಸುವ ಹಳ್ಳಿಗಳಿಂದ ಜಿಲ್ಲಾ ಕೇಂದ್ರಕ್ಕೆ ಇರುವ ದೂರ, ಪ್ರಯಾಣದ ಸಮಯ ಲೆಕ್ಕ ಹಾಕಿದ ಕಾಗದ ಇದ್ದರೆ ಪ್ರತಿ ಕೊಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಅಂಟಿಸಿದೆವು. ಅರ್ಜಿಯಲ್ಲಿ ನನ್ನ ಹೆಸರು ಹಾಕಲಿಲ್ಲ. ಏಜೆನ್ಸಿಯವರು ಒಂದು ಫೋನಿನಲ್ಲಿ ನನ್ನನ್ನು ಬಿಡಿಸಬಲ್ಲರು. ಆ ಹುಡುಗಿ ತನ್ನ ಹೆಸರು ಹಾಕಿದಳು. ನನಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ‘ಬೇಡ, ನಾನೇ ಹಾಕ್ತೀನಿ’ ಅಂತ ಹೇಳಲಿಲ್ಲ.

ಉತ್ತರ ಕಾಯುತ್ತಾ ಕಾಯ್ದೆ ಓದಿದೆವು. 1959ರ ಉದ್ಯೋಗ ವಿನಿಮಯ ಕಾಯ್ದೆ. ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸುವುದು ಕಡ್ಡಾಯ. ಸರ್ಕಾರಿ ಸಂಸ್ಥೆಗಳೂ ತಿಳಿಸಬೇಕು, 25 ಅಥವಾ ಜಾಸ್ತಿ ಜನ ಇರುವ ಖಾಸಗಿಯವರೂ ತಿಳಿಸಬೇಕು. ತಿಳಿಸದಿದ್ದರೆ ದಂಡ ಮೊದಲ ಸಲ 500 ರೂಪಾಯಿವರೆಗೆ. ಆದರೆ ಕೇಂದ್ರ ಕಳಿಸಿದವರನ್ನೇ ತಗೋಬೇಕು ಅಂತ ಇಲ್ಲ. ತಿಳಿಸಿದರೆ ಸಾಕು. ಐದು ವರ್ಷದಿಂದ ಅದರ ಕೆಳಗೇ ಕೆಲಸ ಮಾಡುತ್ತಾ ಇದನ್ನು ಮೊದಲ ಸಲ ಓದುತ್ತಿದ್ದೆ.

ವಿನಾಯಿತಿಗಳ ಪಟ್ಟಿ ಇನ್ನೂ ಸ್ವಾರಸ್ಯ. ಖಾಸಗಿಯಲ್ಲಿ ಕೃಷಿ ಕೆಲಸ ಇದರೊಳಗೆ ಬರುವುದಿಲ್ಲ. ಮನೆಗೆಲಸ ಬರುವುದಿಲ್ಲ. ಮೂರು ತಿಂಗಳಿಗಿಂತ ಕಮ್ಮಿ ಅವಧಿಯ ಕೆಲಸ ಬರುವುದಿಲ್ಲ. ಭತ್ತದ ನಾಟಿ, ಹತ್ತಿ ಬಿಡಿಸುವುದು, ಸೀಸನ್ನಿಗೆ ಮಿಲ್ಲಿನ ಕೂಲಿ – ಅಂದರೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಸಿಗುವ ಕೆಲಸಗಳೇ ಹೊರಗೆ. ಕೃಷಿಯಲ್ಲಿ ಯಂತ್ರ ನಡೆಸುವವರು ಮಾತ್ರ ಒಳಗೆ. ತಿಂಗಳಿಗೆ 60 ರೂಪಾಯಿಗಿಂತ ಕಮ್ಮಿ ಸಂಬಳದ ಹುದ್ದೆಗೆ ಅನ್ವಯಿಸುವುದಿಲ್ಲ ಅಂತ ಇನ್ನೊಂದು ಸಾಲು. ಆ 60 ರೂಪಾಯಿಗೆ ಈಗ ಎರಡು ಪ್ಲೇಟ್ ಒಗ್ಗಾಣಿ-ಮಿರ್ಚಿ ಬಂದರೆ ಪುಣ್ಯ.

ಗುಮಾಸ್ತರು ಹಳೆಯ ಕಥೆ ಹೇಳುತ್ತಿದ್ದರು. ಈ ಆಫೀಸುಗಳು ಹುಟ್ಟಿದ್ದೇ 1945ರಲ್ಲಿ, ಯುದ್ಧ ಮುಗಿದು ಮನೆಗೆ ಬರುತ್ತಿದ್ದ ಸೈನಿಕರಿಗೆ ಕೆಲಸ ಹುಡುಕಿಕೊಡಲು. 1956ರ ನವೆಂಬರಿನಲ್ಲಿ ರಾಜ್ಯಗಳ ಕೈಗೆ ಬಂದವು. ಶಕ್ತಿನಗರದ ಥರ್ಮಲ್ ಸ್ಟೇಷನ್ ಎದ್ದ ಕಾಲದಲ್ಲಿ ಕಾರ್ಡಿಗೆ ಎಂಥ ಬೆಲೆ ಇತ್ತು ಅನ್ನುವುದನ್ನು ಊರ ಹಿರಿಯರು ಈಗಲೂ ಹೇಳುತ್ತಾರೆ. ಆಗ ಸೀನಿಯಾರಿಟಿ ಪ್ರಕಾರ ಪಟ್ಟಿ ಹೋಗುತ್ತಿತ್ತು, ಪಟ್ಟಿಯಲ್ಲಿ ಇಲ್ಲದವರಿಗೆ ಇಂಟರ್‌ವ್ಯೂ ಇಲ್ಲ. 1996ರಲ್ಲಿ ಸುಪ್ರೀಂ ಕೋರ್ಟು, ಬರೀ ವಿನಿಮಯ ಕೇಂದ್ರದ ಪಟ್ಟಿ ಸಾಲದು, ಪೇಪರಿನಲ್ಲೂ ಜಾಹೀರಾತು ಕೊಟ್ಟು ಎಲ್ಲರಿಗೂ ಅವಕಾಶ ಕೊಡಿ ಅಂತ ಹೇಳಿತು. ನ್ಯಾಯವಾದ ಮಾತೇ. ಆದರೆ ಅಲ್ಲಿಂದ ಕಾರ್ಡಿನ ಜೀವ ಇಳಿಯುತ್ತಾ ಬಂತು. ಹಾಗಾಗಿ ‘ನಿಮ್ಮಿಂದ ಯಾರಿಗೂ ಕೆಲಸ ಸಿಗ್ತಿಲ್ಲ’ ಅಂತ ಮೇಲಿನವರು ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಸಂಘದಲ್ಲಿ ಇದನ್ನು ಹೇಳಿದಾಗ ಒಂದಿಬ್ಬರು ನನ್ನ ಮೇಲೆ ಸಿಟ್ಟಾದರು, ‘ನೀನು ಯಾರ ಕಡೆ?’ ಅಂದರು.

ಆರ್‌ಟಿಐ ಉತ್ತರ 29ನೇ ದಿನ ಬಂತು. ಒಂದೇ ಸಾಲು. ‘ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’ ಅಂದರೆ ಯಾರೂ ಅಳೆದಿಲ್ಲ. ಕಾರ್ಯದರ್ಶಿಗಳು ಆ ಸಾಲಿನ ಜೆರಾಕ್ಸ್ 20 ಮಾಡಿಸಿದರು.

ಆಗಸ್ಟ್ 12, ಸೋಮವಾರ ಧರಣಿ ಅಂತ ಗೊತ್ತು ಮಾಡಿದೆವು. ಶಾಮಿಯಾನ, 50 ಕುರ್ಚಿ, ಒಂದು ಮೈಕು, ಮೈಕಿಗೆ ಪೊಲೀಸರ ಪರ್ಮಿಷನ್. ಎಲ್ಲ ಸರಿಯಾಗಿತ್ತು. 10ರ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಭಾನುವಾರ ಬೆಳಗ್ಗೆಯಿಂದ ಜಿಲ್ಲೆಯಲ್ಲಿ ಬೇರೆ ಮಾತೇ ಇಲ್ಲ. ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡಿದವರು ಎದೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಪೇಪರಿನವರಿಗೆ ಫೋನ್ ಮಾಡಿದರೆ ‘ಸರ, ನಾವು ಹೊಸಪೇಟೆ ದಾರ್ಯಾಗ ಇದೀವಿ’ ಅಂದರು.

ಮುಂದೂಡೋಣ ಅಂದೆ. ಶಾಮಿಯಾನದವರು ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ ಅಂದರು. ಕೂತೆವು. 40 ಜನ ಇದ್ದಿರಬಹುದು. ಅದರಲ್ಲಿ ಅಂಗನವಾಡಿ, ಬಿಸಿಯೂಟದ ಹೆಣ್ಣುಮಕ್ಕಳೇ ಜಾಸ್ತಿ. ಅವರು ಯಾವ ಹೋರಾಟಕ್ಕೆ ಕರೆದರೂ ಬರುತ್ತಾರೆ, ಅವರ ಋಣ ತೀರಿಸುವುದು ಕಷ್ಟ. ನಮ್ಮ ಆಫೀಸಿನಲ್ಲಿ ಹೆಸರು ಬರೆಸಿದ ನಿರುದ್ಯೋಗಿಗಳು ಬಂದಿದ್ದು ಆರೇ ಜನ. ಕೂಲಿ ಬಿಟ್ಟು ಬರಬೇಕಲ್ಲ. ನಡುವೆ ಒಬ್ಬ ವಯಸ್ಸಾದ ರೈತರು ಶಾಮಿಯಾನದ ಕಂಬ ಹಿಡಿದು ಬ್ಯಾನರ್ ಓದಿದರು. ‘ನೀರೇ ಹೋದವು ತಮ್ಮಾ, ನಿಮ್ಮ ಆಫೀಸು ಹೋದರೇನು, ಇದ್ದರೇನು’ ಅಂದು ಹೊರಟು ಹೋದರು. ಮೈಕ್ ನನ್ನ ಕೈಯಲ್ಲೇ ಇತ್ತು. ಏನೂ ಹೇಳಲು ತೋಚಲಿಲ್ಲ. ಮನವಿ ತಗೊಳ್ಳಲು ಬಂದವರು ಐದು ನಿಮಿಷದಲ್ಲಿ ತಗೊಂಡು ಹೋದರು. ಮರುದಿನ ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ರಾಯಚೂರಿಗೆ ಕರೆದರು. ನಾಲ್ಕು ಜನ ಹೋದೆವು, ನೋಟ್‌ಬುಕ್ ನನ್ನ ಕಂಕುಳಲ್ಲಿ. ಅಧಿಕಾರಿ ಕೆಟ್ಟವರಲ್ಲ. ಚಹಾ ತರಿಸಿದರು. ‘ಹೋದ ವರ್ಷ ನಿಮ್ಮ ಕಚೇರಿ ಮೂಲಕ ಎಷ್ಟು ಜನರಿಗೆ ಕೆಲಸ ಸಿಕ್ಕಿದೆ?’ ಅಂತ ನೇರ ಕೇಳಿದರು. ಕಾರ್ಯದರ್ಶಿಗಳು ನನ್ನ ಕಡೆ ನೋಡಿದರು. ನಾನು ಇದ್ದದ್ದನ್ನೇ ಹೇಳಿದೆ. ಉದ್ಯೋಗ ಮೇಳದಲ್ಲಿ ಆಯ್ಕೆಯಾದವರನ್ನು ಬಿಟ್ಟರೆ ಯಾರಿಗೂ ಇಲ್ಲ.

‘ಮತ್ತೆ?’ ಅಂದರು. ‘ಕೆಲಸ ಹುಡುಕೋಕೆ ಕೇಂದ್ರ ಸರ್ಕಾರದ ಎನ್‌ಸಿಎಸ್ ಪೋರ್ಟಲ್ 2015ರಿಂದ ಇದೆ. 1514ಕ್ಕೆ ಫೋನ್ ಮಾಡಿದರೆ ಹೇಳ್ತಾರೆ. ಹೆಣ್ಣುಮಕ್ಕಳಿಗೆ ಬಸ್ಸೂ ಫ್ರೀ.’

ನಮ್ಮ ಜೊತೆ ಬಂದಿದ್ದ ಬಿಸಿಯೂಟದ ಅಕ್ಕ ಬಾಯಿ ಬಿಟ್ಟರು. ‘ಬಸ್ಸು ಫ್ರೀ ಐತ್ರಿ ಸಾಹೇಬ್ರ. ಅವತ್ತಿನ ಕೂಲಿ ಫ್ರೀ ಇಲ್ಲ.’

ನಾನು ನೋಟ್‌ಬುಕ್ ಮುಂದಿಟ್ಟೆ. ಅವರು ಹಾಳೆ ತಿರುವುತ್ತಾ ಹೋದರು, ಮೊದಲು ಬೇಗ ಬೇಗ, ಆಮೇಲೆ ನಿಧಾನಕ್ಕೆ. ಒಂದು ಕಡೆ ಬೆರಳಿಟ್ಟು ‘ಏನಿದು, ದುಡ್ಡು ಕಟ್ಟಬೇಡ ಅಂತ ಹೇಳಿದ್ದು?’ ಅಂದರು. ಹೇಳಿದೆ. ‘ಇಂಥವು ಎಷ್ಟಿವೆ?’ ಅಷ್ಟೊತ್ತಿಗೆ 11 ಆಗಿದ್ದವು. ಅವರು ಆ ಪುಟದ ಫೋಟೊ ತಗೊಂಡರು. ಇಂಥ ಮೆಸೇಜು ತಮ್ಮ ಅಳಿಯನಿಗೂ ಬಂದಿತ್ತು ಅಂದರು. ಅಳಿಯ ಕಟ್ಟಿದನೋ ಇಲ್ಲವೋ ಹೇಳಲಿಲ್ಲ. ‘ಮೇಲೆ ಬರೆಯುತ್ತೇನೆ’ ಅಂದು ಎದ್ದರು.

ಏನು ಬರೆದರೋ ಗೊತ್ತಿಲ್ಲ. ಎರಡು ತಿಂಗಳ ಮೇಲೆ ಇನ್ನೊಂದು ಪತ್ರ ಬಂತು. ಬಾಡಿಗೆ ಕಟ್ಟಡ ಬಿಡಬೇಕು. ಕಾಯಂ ಸಿಬ್ಬಂದಿ ರಾಯಚೂರಿಗೆ. ಆದರೆ ಮಂಗಳವಾರ, ಶುಕ್ರವಾರ ತಾಲೂಕು ಕಚೇರಿ ಹಿಂದಿನ ಒಂದು ರೂಮಿನಲ್ಲಿ ‘ಸಂಪರ್ಕ ಕೇಂದ್ರ’ ನಡೆಯಬೇಕು. ನಡೆಸುವವನು ನಾನು. ವಾರಕ್ಕೆ ಎರಡು ದಿನದ ಪಗಾರ.

ಸಂಘದಲ್ಲಿ ಕೆಲವರು ಪೇಡಾ ಹಂಚೋಣ ಅಂದರು. ನನಗೆ ಮನಸ್ಸಾಗಲಿಲ್ಲ. ಉಳಿದ ದಿನ ನಾನು ಈಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಅಲ್ಲಿಗೂ ಅದೇ ಜನ ಬರುತ್ತಾರೆ, ಅದೇ ಯುವನಿಧಿ, ಅದೇ ರಿನಿವಲ್. ಒಂದೇ ವ್ಯತ್ಯಾಸ. ಆಫೀಸಿನಲ್ಲಿ ಸುಮ್ನೆ ಮಾಡಿಕೊಡುತ್ತಿದ್ದ ಕೆಲಸಕ್ಕೆ ಇಲ್ಲಿ 50 ರೂಪಾಯಿ ತಗೋಬೇಕು. ಅಂಗಡಿಯವರ ಬೋರ್ಡಿನಲ್ಲಿ ರೇಟು ಬರೆದಿದೆ. ಗುಮಾಸ್ತರು ಆಗಾಗ ಫೋನ್ ಮಾಡುತ್ತಾರೆ. ರಾಯಚೂರಲ್ಲಿ ಬಿಸಿಲು ಜಾಸ್ತಿ, ಮಗಳು ಖುಷಿಯಾಗಿದ್ದಾಳೆ, ‘ನೋಟ್‌ಬುಕ್ ಬರೀತಿಯೇನೋ?’ ಅಂತ ಕೇಳುತ್ತಾರೆ.

ಬರೆಯುತ್ತಿದ್ದೇನೆ. ಎರಡನೇ ನೋಟ್‌ಬುಕ್ ನಡೆದಿದೆ. ಮಂಗಳವಾರ ಏಳೆಂಟು ಜನ, ಶುಕ್ರವಾರ ಐದಾರು. ಗುರುವಾರ ಸಂತೆಗೆ ಬಂದವರು ಬೀಗ ನೋಡಿಕೊಂಡು ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಬರುತ್ತಾರೆ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಈ ಐದಾರು ಜನರ ಲೆಕ್ಕವನ್ನೇ ತೋರಿಸಿ ಆ ರೂಮಿಗೂ ಬೀಗ ಹಾಕುತ್ತಾರೆ.

ಈ ನಡುವೆ ಕಾಯ್ದೆಯೂ ಬದಲಾಯಿತು. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1959ರ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಯಿತು. ಅದೂ ವಿಲೀನವೇ. ಹೊಸ ಕಾನೂನಿನಲ್ಲಿ ನಮ್ಮಂಥ ಆಫೀಸಿಗೆ ‘ಕರಿಯರ್ ಸೆಂಟರ್’ ಅಂತ ಹೆಸರು. ಆ ಹುಡುಗಿ ಈಗ ವಕೀಲೆ. ಮನವಿಯಲ್ಲಿ ಹಳೆಯ ಕಾಯ್ದೆಯ ಹೆಸರು ಹೊಡೆದು ಹೊಸದು ಬರೆದುಕೊಟ್ಟಳು. ಈ ಸಲದ ಮನವಿ ಅರ್ಧ ಪುಟ. ಶುಕ್ರವಾರದ ಬದಲು ಗುರುವಾರ ಕೊಡಿ, ಅಷ್ಟೇ. ಜೊತೆಗೆ ನೋಟ್‌ಬುಕ್ಕಿನ ನಾಲ್ಕು ಗುರುವಾರಗಳ ಜೆರಾಕ್ಸ್. ಸಹಿ ಮಾಡುವವರ ಸಾಲಿನಲ್ಲಿ ಈ ಸಲ ನನ್ನ ಹೆಸರೂ ಇದೆ. ಇನ್‌ವರ್ಡ್ ಸೀಲು ಬಿದ್ದು ಮೂರು ವಾರ ಆಯಿತು.